ಪುಟ್ಟಿಗೆ ಉತ್ತರ ಗೊತ್ತಿತ್ತು, ಪ್ರಶ್ನೆನೇ ಅರ್ಥ ಆಗಿಲ್ಲ – ಇಂಗ್ಲಿಷ್ ವರ್ಡ್ ಗೇಮ್‌ಗೆ ಯಾವ್ಯಾವ ಪದ ಕಲಿಸ್ಬೇಕು?

ಶಿರಾಗೇಟ್_ಚಿಕ್ಕಪ್ಪ
ಎಲ್ರಿಗೂ ನಮಸ್ಕಾರ. ನಮ್ಮಣ್ಣನ ಮಗಳು ಎಂಟನೇ ಕ್ಲಾಸು, ಏಳರ ತನಕ ಕನ್ನಡ ಮೀಡಿಯಂ, ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದೀವಿ. ಹೋದ ವಾರ ತುಮಕೂರಲ್ಲೇ ಮಕ್ಕಳಿಗೆ ಇಂಗ್ಲಿಷ್ ವರ್ಡ್ ಗೇಮ್ ಸ್ಪರ್ಧೆ ಇತ್ತು, ನಾನೇ ಬೈಕಲ್ಲಿ ಕರ್ಕೊಂಡು ಹೋಗಿದ್ದೆ. ಈಚೆಗೆ ಬಂದಾಗ ಮುಖ ಇಷ್ಟಾಗಿತ್ತು. ಪೇಪರ್ ಇಸ್ಕೊಂಡು ನೋಡಿದ್ರೆ ಮೊದಲನೇದು ಅನಗ್ರಾಮ್ ಬರೀರಿ ಅಂತ, ಇ-ಎ-ಆರ್-ಟಿ-ಎಚ್ ಕೊಟ್ಟು ಪಕ್ಕದಲ್ಲಿ ಖಾಲಿ ಗೆರೆ. ಇವಳು ಆ ಗೆರೆ ಮೇಲೆ ‘ಭೂಮಿ’ ಅಂತ ಬರೆದು ಅದನ್ನೂ ಹೊಡೆದುಹಾಕಿದಾಳೆ. ಹಾರ್ಟ್ ಅನ್ನೋ ಪದ ಅವಳಿಗೆ ಚೆನ್ನಾಗಿ ಗೊತ್ತು, ಸ್ಪೆಲಿಂಗೂ ಗೊತ್ತು, ಅಕ್ಷರ ಅದಲುಬದಲು ಮಾಡಿ ಬರೀಬೇಕು ಅಂತ ಗೊತ್ತಿರಲಿಲ್ಲ ಅಷ್ಟೇ. ಇನ್ನೊಂದು ಕಡೆ ವರ್ಡ್ ಲ್ಯಾಡರ್ ಅಂತ, ಮೇಲೆ ಕೋಲ್ಡ್ ಕೆಳಗೆ ವಾರ್ಮ್, ಮಧ್ಯ ಮೂರು ಗೆರೆ. ಪೂರ್ತಿ ಖಾಲಿ ಬಿಟ್ಟಿದಾಳೆ. ಹೋಮೋಫೋನ್ ಅಂತ ಕೇಳಿದ್ದಕ್ಕೆ ಅದ್ಯಾವುದೋ ಫೋನ್ ಇರ್ಬೇಕು ಚಿಕ್ಕಪ್ಪಾ ಅಂದ್ಲು, ನನಗೆ ಹೊಟ್ಟೆ ಚುರುಕ್ ಅಂತು.
ನಾನು ಓದಿದ್ದು ಐಟಿಐ, ನನಗೂ ಇವೆಲ್ಲ ಗೊತ್ತಿಲ್ಲ. ಈ ಆಟಗಳ ಪ್ರಶ್ನೆಯಲ್ಲಿ ಬರೋ ಪದಗಳು ಯಾವ್ಯಾವು, ಎಲ್ಲಿಂದ ಶುರು ಮಾಡ್ಬೇಕು, ಡಿಕ್ಷನರಿ ಕೊಟ್ಟು ಬಾಯಿಪಾಠ ಮಾಡಿಸ್ಬೇಕಾ? ತಿಳಿದೋರು ದಯವಿಟ್ಟು ಹೇಳಿ.

ಗುಬ್ಬಿ_ಗೇಟ್
ಪಾಪ ಮಗು. ಬೈಬೇಡಿ ಅಣ್ಣ.

ಶಿರಾಗೇಟ್_ಚಿಕ್ಕಪ್ಪ
ಇಲ್ಲ ಗುರು, ಬೈಯೋದೆಲ್ಲಿ. ವಾಪಸ್ ಬರ್ತಾ ಅಮಾನಿಕೆರೆ ಹತ್ರ ಗಾಡಿ ನಿಲ್ಲಿಸಿ ಕಡ್ಲೆಕಾಯಿ ಕೊಡಿಸಿ ಕರ್ಕೊಂಡು ಬಂದೆ.

ಚಿಂತಾಮಣಿ_ಟೀಚರ್
ಸಾರ್, ಹದಿನಾರು ವರ್ಷದಿಂದ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಡ್ತಿದೀನಿ, ಪ್ರತಿ ವರ್ಷ ಎಂಟನೇ ಕ್ಲಾಸಲ್ಲಿ ಇದೇ ಕಥೆ. ಮಕ್ಕಳಿಗೆ ಪದ ಕಲಿಸ್ತೀವಿ, ಪದದ ಬಗ್ಗೆ ಮಾತಾಡೋ ಪದಗಳನ್ನ ಯಾರೂ ಕಲಿಸಲ್ಲ. ನಾನು ಮಾಡೋದು ಹೇಳ್ತೀನಿ ನೋಡಿ, ಎಲ್ಲದಕ್ಕೂ ಮೊದಲು ಕನ್ನಡದ್ದೇ ಒಂದು ಉದಾಹರಣೆ ಕೊಡ್ತೀನಿ.
ಅನಗ್ರಾಮ್ ಅಂದ್ರೆ ಬೋರ್ಡ್ ಮೇಲೆ ‘ಸರ’ ಬರೆದು ತಿರುಗಿಸಿ ‘ರಸ’ ಮಾಡ್ತೀನಿ, ‘ವನ’ ಹೋಗಿ ‘ನವ’ ಆಗುತ್ತೆ. ಒಂದು ಅರ್ಥ ಇರೋ ಪದದ ಅಕ್ಷರನೆಲ್ಲ ಬಳಸಿ ಇನ್ನೊಂದು ಅರ್ಥ ಇರೋ ಪದ, ಅಷ್ಟೇ. ಲಿಸನ್ ಅನ್ನೋದರ ಆರು ಅಕ್ಷರದಲ್ಲೇ ಸೈಲೆಂಟ್ ಇದೆ ಅಂತ ತೋರಿಸಿದ್ರೆ ಮಕ್ಕಳು ಬೆಂಚಿಂದ ಎದ್ದು ಬರ್ತಾರೆ. ಜಂಬಲ್ ಇಲ್ಲಾ ಅನ್‌ಸ್ಕ್ರ್ಯಾಂಬಲ್ ಅಂತ ಇದ್ರೆ ಕೊಟ್ಟಿರೋದಕ್ಕೆ ಅರ್ಥ ಇರಲ್ಲ, ಕಲಸಿಹಾಕಿರ್ತಾರೆ, ನಾವು ಸರಿ ಮಾಡಿ ಕೂಡಿಸ್ಬೇಕು.
ಹೋಮೋಫೋನ್‌ಗೆ ನಾನು ಕೊಡೋದು ಅಕ್ಕಿ–ಹಕ್ಕಿ. ನಮ್ಮ ಕಡೆ ಮನೆಮಾತಲ್ಲಿ ಎಷ್ಟೋ ಜನ ಎರಡನ್ನೂ ಅಕ್ಕಿ ಅಂತಾನೇ ಅಂತಾರೆ, ಬರೆದಾಗ ಬೇರೆ, ಕಿವಿಗೆ ಒಂದೇ. ಫ್ಲವರ್ ಹೂವು, ಫ್ಲವರ್ ಹಿಟ್ಟು, ಅದೇ ಥರ. ರೈಟ್ ಅಂದ್ರೆ ಬರಿ, ರೈಟ್ ಅಂದ್ರೆ ಸರಿ. ಇದರ ಜೊತೆಗೆ ಸಿನನಿಮ್ ಅಂದ್ರೆ ಸಮಾನಾರ್ಥ, ಆಂಟನಿಮ್ ವಿರುದ್ಧಾರ್ಥ, ರೈಮ್ ಅಂದ್ರೆ ಪ್ರಾಸ, ವವೆಲ್ ಅಂದ್ರೆ ಸ್ವರ, ಕಾನ್ಸೊನೆಂಟ್ ವ್ಯಂಜನ, ಆಡ್ ಒನ್ ಔಟ್ ಅಂದ್ರೆ ಗುಂಪಿಗೆ ಸೇರದ್ದು, ಕ್ಲೂ ಅಂದ್ರೆ ಸುಳಿವು. ಪೇಪರಿನ ಪದಬಂಧದಲ್ಲಿ ಎಡದಿಂದ ಬಲಕ್ಕೆ ಅಂತಾರಲ್ಲ ಅದು ಅಕ್ರಾಸ್, ಮೇಲಿಂದ ಕೆಳಕ್ಕೆ ಅನ್ನೋದು ಡೌನ್. ಇಷ್ಟು ಬಂದ್ರೆ ಸಾರ್ ಯಾವ ಪೇಪರ್ ಕೊಟ್ರೂ ಮಗು ಗಾಬರಿ ಆಗಲ್ಲ.

ಗೌರಿಬಿದನೂರು_02
ಹೋಮೋಫೋನ್ ಹೋಮೋನಿಮ್ ಎರಡೂ ಒಂದೇ ಅಲ್ವಾ ಮೇಡಂ?

ಚಿಂತಾಮಣಿ_ಟೀಚರ್
ಅಲ್ಲ. ಹೋಮೋಫೋನಲ್ಲಿ ಸದ್ದು ಒಂದೇ, ಸ್ಪೆಲಿಂಗ್ ಬೇರೆ. ಹೋಮೋನಿಮ್ ಅಂತ ಪ್ರಶ್ನೆ ಕೊಟ್ರೆ ಸಾಮಾನ್ಯವಾಗಿ ಸದ್ದೂ ಒಂದೇ ಸ್ಪೆಲಿಂಗೂ ಒಂದೇ ಅರ್ಥ ಮಾತ್ರ ಬೇರೆ. ದುಡ್ಡಿನ ಬ್ಯಾಂಕು, ನದಿ ದಡದ ಬ್ಯಾಂಕು. ಕನ್ನಡದಲ್ಲಿ ಹತ್ತು. ಬೆಟ್ಟ ಹತ್ತು, ಮತ್ತೆ ಒಂಬತ್ತಾದ ಮೇಲಿನ ಹತ್ತು.

ಗೌರಿಬಿದನೂರು_02
ಹಾಗಾದ್ರೆ ‘ನಂದಿಬೆಟ್ಟ ಏರು ಅನ್ನೋ ಸಂಖ್ಯೆ, ಎರಡಕ್ಷರ’ ಅಂತ ಪದಬಂಧಕ್ಕೆ ಸುಳಿವು ಕೊಡಬಹುದು. ಚೆನ್ನಾಗಿದೆ ಇದು.

ಪ್ಯಾಸೆಂಜರ್_ಪದಬಂಧ
ನಾನು ದಿನಾ ತುಮಕೂರು–ಯಶವಂತಪುರ ಟ್ರೈನಲ್ಲಿ ಓಡಾಡೋನು, ನಮ್ಮ ಬೋಗಿಯಲ್ಲಿ ನಾಲ್ಕು ಜನ ಇಂಗ್ಲಿಷ್ ಕ್ರಾಸ್‌ವರ್ಡ್ ಬಿಡಿಸ್ತೀವಿ, ಎರಡು ಜನ ಕನ್ನಡ ಪದಬಂಧ. ಟೀಚರ್ ಹೇಳಿದ್ದೆಲ್ಲ ಸರಿ, ಆದ್ರೆ ಮಗು ಸ್ಪರ್ಧೆ ಗೆಲ್ಲಬೇಕು ಅಂದ್ರೆ ಸ್ಕ್ರ್ಯಾಬಲ್‌ನ ಎರಡಕ್ಷರದ ಪದಗಳನ್ನ ಬಾಯಿಪಾಠ ಮಾಡಿಸಿ, ಬೇರೆ ದಾರಿ ಇಲ್ಲ. ಸ್ಕ್ರ್ಯಾಬಲ್ ಅಂದ್ರೆ ಅಕ್ಷರದ ಬಿಲ್ಲೆ ಬೋರ್ಡ್ ಮೇಲೆ ಜೋಡಿಸಿ ಪದ ಮಾಡೋ ಆಟ, ಒಂದೊಂದು ಅಕ್ಷರಕ್ಕೂ ಇಷ್ಟು ಪಾಯಿಂಟ್ ಅಂತ ಇರುತ್ತೆ. ಅದರಲ್ಲಿ ಯಾವ ಪದ ನಡೆಯುತ್ತೆ ಅಂತ ಹೇಳೋ ಕಾಲಿನ್ಸ್ ಪಟ್ಟಿ ಇದೆ, 2019ರ ಪಟ್ಟಿಯಲ್ಲಿ ಎರಡಕ್ಷರದವು 127 ಇವೆ. ಕ್ಯೂ-ಐ ಅಂತ ಒಂದು ಪದ, ಚೀನಾದೋರು ಪ್ರಾಣಶಕ್ತಿಗೆ ಹೇಳೋದು. ಕ್ಯೂ ಬಂತು ಯು ಇಲ್ಲ ಅಂತ ಕೈಕೈ ಹಿಸುಕೋಬೇಕಾಗಿಲ್ಲ, 11 ಪಾಯಿಂಟ್ ಬಂತು. ಝಡ್-ಎ, ಪಿಜ್ಜಾನ ಚಿಕ್ಕದಾಗಿ ಕರೆಯೋದು, ಅದಕ್ಕೂ 11. ಎಕ್ಸ್-ಐ ಗ್ರೀಕ್ ಅಕ್ಷರ. ಇವು ಬಂದ್ರೆ ಅರ್ಧ ಆಟ ಕೈಲಿದ್ದಂಗೆ.

ತಿಪಟೂರು_ತೆಂಗು
ಕ್ಷಮಿಸಿ ಸಾರ್, ಇದನ್ನ ನಾನು ಒಪ್ಪಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಚೀನಾದ ಪ್ರಾಣಶಕ್ತಿ ಕಟ್ಕೊಂಡು ಏನಾಗ್ಬೇಕು? ಅರ್ಥ ಗೊತ್ತಿಲ್ಲದ ಪದ ನಾಲ್ಕು ದಿನಕ್ಕೆ ಮರೆತುಹೋಗುತ್ತೆ.

ಪ್ಯಾಸೆಂಜರ್_ಪದಬಂಧ
ಅರ್ಥ ಬೇಕೇ ಬೇಕು ಅಂತೇನಿಲ್ಲ ಸಾರ್ ಆ ಆಟಕ್ಕೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅಂತ ಇದಾರೆ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದ್ರು, ಆ ಮನುಷ್ಯನಿಗೆ ಫ್ರೆಂಚ್ ಮಾತಾಡೋಕೇ ಬರಲ್ಲ. ಪದಪಟ್ಟಿ ಬಾಯಿಪಾಠ ಮಾಡ್ಕೊಂಡು ಹೋಗಿ ಗೆದ್ರು. ಆಮೇಲೆ 2024ರಲ್ಲಿ ಸ್ಪ್ಯಾನಿಷ್‌ದೂ ಗೆದ್ರು.

ತಿಪಟೂರು_ತೆಂಗು
ಅವರು ಗೆಲ್ಲೋದಕ್ಕೆ ಹೋದೋರು. ನಮ್ಮ ಹುಡುಗಿಗೆ ಇಂಗ್ಲಿಷ್ ಕಂಡ್ರೆ ಭಯ ಹೋಗಬೇಕು, ಎರಡೂ ಬೇರೆ ಬೇರೆ ವಿಷಯ.
ನಾನು ಹೇಳೋದು ಇಷ್ಟೇ, ಅವಳ ಬಾಯಲ್ಲಿ ಆಗಲೇ ಇರೋ ಪದಗಳಿಂದ ಶುರು ಮಾಡಿ. ಇಂಗ್ಲಿಷ್ ಡಿಕ್ಷನರಿಯಲ್ಲಿ ನಮ್ಮವು ಎಷ್ಟಿವೆ ಗೊತ್ತಾ? ಆರ್-ಎ-ಜಿ-ಐ ರಾಗಿ ಇದೆ, ಸ್ಕ್ರ್ಯಾಬಲಲ್ಲಿ ನಡೆಯುತ್ತೆ. ತಾಲ್ಲೂಕು ಇದೆ, ಟಿ-ಎ-ಎಲ್-ಯು-ಕೆ, ಕೆ ಗೆ ಐದು ಇರೋದ್ರಿಂದ 9 ಪಾಯಿಂಟು. ಲಕ್ಷ ಅನ್ನೋ ಎಲ್-ಎ-ಕೆ-ಎಚ್ ಗೆ 11, ನಿಮ್ಮ ಕ್ಯೂ-ಐ ಗೆ ಸಮ. ಕ್ರೋರ್, ಆಣೆ, ಘೀ, ರೋಟಿ, ಲಾಠಿ, ಬಂದ್, ಘೇರಾವ್ ಎಲ್ಲಾ ಇವೆ. ನಮ್ಮ ತಿಪಟೂರು ಮಾರ್ಕೆಟ್‌ಗೆ ಟೆಂಡರ್ ದಿನ ಬರೋ ಕೊಬ್ಬರಿ ಇದೆ, ಸಿ-ಓ-ಪಿ-ಆರ್-ಎ. ತೆಂಗಿನ ನಾರಿಗೆ ಕಾಯರ್. ಇವೆರಡೂ ಮಲಯಾಳದಿಂದ ಇಂಗ್ಲಿಷಿಗೆ ಹೋದ ಪದಗಳು.
ಎಲ್ಲಕ್ಕಿಂತ ಚೆಂದ ಬೆಲ್ಲ. ಜೆ-ಎ-ಜಿ-ಜಿ-ಇ-ಆರ್-ವೈ. ಏಳಕ್ಷರ, ಕೈಯಲ್ಲಿರೋ ಏಳೂ ಒಂದೇ ಸಲಕ್ಕೆ ಹೋಗುತ್ತೆ. ಪದಕ್ಕೆ 19, ಏಳೂ ಇಟ್ಟಿದ್ದಕ್ಕೆ 50, ಬೋರ್ಡಿನ ಬಣ್ಣದ ಮನೆ ಲೆಕ್ಕ ಬಿಟ್ಟು 69. ನಮ್ಮ ಮನೇಲಿ ಒಂದ್ಸಲ ನನ್ನ ಹೆಂಡತಿ ಇಟ್ಟಿದ್ದು ಇದು, ಎರಡು ವರ್ಷ ಆಯ್ತು, ಇನ್ನೂ ಹೇಳ್ಕೋತೀವಿ.

ಗುಬ್ಬಿ_ಗೇಟ್
ರಾಗಿ ನಿಜವಾಗ್ಲೂ ನಡೆಯುತ್ತಾ? ಇವತ್ತೇ ತಂಗಿ ಜೊತೆ ಆಡ್ತೀನಿ.

ಮುಳಬಾಗಿಲು_ದೋಸೆ
ಇಡ್ಲಿ? ದೋಸೆ?

ತಿಪಟೂರು_ತೆಂಗು
ಕಾಲಿನ್ಸಲ್ಲಿ ಎರಡೂ ಇವೆ. ಇಡ್ಲಿ ಕೊನೆಗೆ ಐ.

ಪ್ಯಾಸೆಂಜರ್_ಪದಬಂಧ
ವೈ ಇಟ್ರೂ ನಡೆಯುತ್ತೆ ಸಾರ್, ನಮ್ಮ ಹೋಟೆಲ್ ಬೋರ್ಡಲ್ಲಿ ಬರೀತಾರಲ್ಲ ಐ-ಡಿ-ಎಲ್-ವೈ ಅಂತ. ಆದ್ರೆ ಆ ಪದ ತಿಂಡಿ ಅಲ್ಲ, ಐಡ್ಲಿ ಅಂತ ಓದ್ಬೇಕು, ಸುಮ್ಮನೆ ಕೆಲಸ ಇಲ್ಲದೆ ಅಂತ ಅರ್ಥ. ಟ್ರೈನಲ್ಲಿ ಮೊಬೈಲಲ್ಲಿ ಆಡುವಾಗ ನಮ್ಮ ಫ್ರೆಂಡ್ ತಿಂಡಿ ಅಂತಾನೇ ಇಟ್ಟ, 8 ಬಂತು, ನಾನು ಅಂಥ ಪದ ಇಲ್ಲ ಅಂತ ಚಾಲೆಂಜ್ ಮಾಡಿ ಸೋತೆ. ಅವತ್ತೇ ಇಬ್ರಿಗೂ ಆ ಪದದ ಅರ್ಥ ಗೊತ್ತಾಗಿದ್ದು. ನಿಮ್ಮ ಮಾತು ಒಪ್ಪಿದೆ ತೆಂಗು ಸಾರ್, ಅರ್ಥ ಸಿಕ್ಕಿದ ಪದ ಮರೆಯಲ್ಲ. ಆದ್ರೂ ಎರಡಕ್ಷರದ ಪಟ್ಟಿ ದಿನಕ್ಕೆ ಎರಡು ಕಲಿತ್ರೆ ಎರಡೇ ತಿಂಗಳು, ಅದು ಭಾರ ಅಲ್ಲ, ಅದನ್ನ ಬಿಟ್ಕೊಡಲ್ಲ ನಾನು.

ಮಾರಿಕುಪ್ಪಂ_ಮೊಮ್ಮಗ
ಈ ಮಾತು ಓದಿ ನಮ್ಮ ತಾತ ನೆನಪಾದ್ರು. ಕೆಜಿಎಫ್ ಗಣಿಯಲ್ಲಿ ಫಿಟ್ಟರ್ ಆಗಿದ್ರು, ಮನೇಲಿ ತಮಿಳು, ಬೀದೀಲಿ ತೆಲುಗು ಕನ್ನಡ, ಕೆಲಸದ ಜಾಗದಲ್ಲಿ ಇಂಗ್ಲಿಷು. ಪಕ್ಕದ ಆಂಗ್ಲೋ ಇಂಡಿಯನ್ ಮನೆಯೋರು ಊರು ಬಿಟ್ಟು ಹೋಗುವಾಗ ಒಂದು ಸ್ಕ್ರ್ಯಾಬಲ್ ಡಬ್ಬಿ ಕೊಟ್ಟು ಹೋಗಿದ್ರಂತೆ, ಮರದ ಬಿಲ್ಲೆಗಳು, ಮೂರೋ ನಾಲ್ಕೋ ಕಳೆದುಹೋಗಿದ್ವು. ತಾತ ಅಷ್ಟಕ್ಕೆ ತೇಗದ ಚೂರು ಉಜ್ಜಿ, ಗಣಿಯ ನಂಬರ್ ಹೊಡೆಯೋ ಪಂಚಲ್ಲಿ ಅಕ್ಷರ ಕೊರೆದು ಸೇರಿಸಿದ್ರು. ಹಂಗೆ ಕೊರೆದಿದ್ರಲ್ಲಿ ಒಂದು ಎಸ್. ಆ ಎಸ್ ಬೇರೆ ಬಿಲ್ಲೆಗಿಂತ ಸ್ವಲ್ಪ ದಪ್ಪ, ಚೀಲದೊಳಗೆ ಕೈ ಹಾಕಿದ್ರೆ ಬೆರಳಿಗೇ ಗೊತ್ತಾಗೋದು, ಅದಕ್ಕೆ ತಾತ ಆಡುವಾಗ ಅದನ್ನ ಚೀಲಕ್ಕೆ ಹಾಕೋಕೇ ಬಿಡ್ತಿರಲಿಲ್ಲ, ಚೀಟಿ ಎತ್ತಿ ಯಾರಿಗೆ ಅಂತ ತೀರ್ಮಾನ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸಂಜೆ ಆಯ್ತು ಅಂದ್ರೆ ಬೋರ್ಡ್ ಬಿಚ್ತಿದ್ರು. ನನಗೆ ಇಂಗ್ಲಿಷ್ ಬಂದಿದ್ದು ಅಲ್ಲಿಂದಾನೇ.

ಶಿಡ್ಲಘಟ್ಟ_ರೇಷ್ಮೆ
ಒಂದು ಎಸ್ ಗೆ ಯಾಕಷ್ಟು ಜಗಳ?

ಮಾರಿಕುಪ್ಪಂ_ಮೊಮ್ಮಗ
100 ಬಿಲ್ಲೆಯಲ್ಲಿ ಎಸ್ ಇರೋದೇ 4. ಇ 12 ಇವೆ, ಎ ಮತ್ತೆ ಐ ಒಂಬತ್ತೊಂಬತ್ತು. ಎಸ್ ಜಾಸ್ತಿ ಕೊಟ್ರೆ ಎಲ್ಲಾ ಪದಕ್ಕೂ ಕೊನೆಗೆ ಸೇರಿಸಿ ಬಹುವಚನ ಮಾಡ್ಕೊಂಡು ಹೋಗ್ತಾರೆ ಅಂತ ಕಡಿಮೆ ಇಟ್ಟಿದ್ದು. ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಅಂತ ಅಮೆರಿಕದ ಆರ್ಕಿಟೆಕ್ಟ್, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿತ್ತು, ನ್ಯೂಸ್ ಪೇಪರ್ ಹರಡ್ಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಎಣಿಸಿ ಲೆಕ್ಕ ಹಾಕಿದ್ರು. ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದಿದ್ದು 1948ರಲ್ಲಿ.

ಶಿರಾಗೇಟ್_ಚಿಕ್ಕಪ್ಪ
ಎಲ್ಲಾ ಓದ್ತಿದೀನಿ, ಪುಟ್ಟಿಗೂ ಓದಿ ಹೇಳ್ತಿದೀನಿ. ಬೋರ್ಡ್ ಅಂಗಡೀಲಿ ಕೇಳಿದೆ, ಸ್ವಲ್ಪ ರೇಟು. ಈ ತಿಂಗಳು ಆಗಲ್ಲ.

ಚಿಂತಾಮಣಿ_ಟೀಚರ್
ಬೋರ್ಡ್ ಬೇಡ ಸಾರ್. ಮನೇಲಿ ಹಳೇ ಲಗ್ನಪತ್ರಿಕೆ ಇರ್ತಾವಲ್ಲ ದಪ್ಪ ಕಾಗದದ್ದು, ಅದನ್ನ ಕತ್ತರಿಸಿ 100 ಚೀಟಿ ಮಾಡಿ, ಸ್ಕ್ರ್ಯಾಬಲಲ್ಲಿ ಯಾವ ಅಕ್ಷರ ಎಷ್ಟಿದೆಯೋ ಅದೇ ಲೆಕ್ಕದಲ್ಲಿ ಬರೀರಿ, ಎರಡು ಚೀಟಿ ಖಾಲಿ ಬಿಡಿ, ಅದು ಬ್ಲಾಂಕ್, ಯಾವ ಅಕ್ಷರದ ಬದಲು ಬೇಕಾದ್ರೂ ನಡೆಯುತ್ತೆ. ಬೋರ್ಡಿಗೆ ಹದಿನೈದಕ್ಕೆ ಹದಿನೈದು ಮನೆ, ಡ್ರಾಯಿಂಗ್ ಶೀಟ್ ಸಾಕು. ನಮ್ಮ ಸ್ಕೂಲಲ್ಲಿ ಹಂಗೆ ಮಾಡಿದ ನಾಲ್ಕು ಸೆಟ್ ಇವೆ.

ಗೌರಿಬಿದನೂರು_02
ವರ್ಡ್ ಲ್ಯಾಡರ್ ಯಾರೂ ಹೇಳೇ ಇಲ್ವಲ್ಲ. ಕೋಲ್ಡಿಂದ ವಾರ್ಮ್‌ಗೆ ಹೆಂಗೆ ಹೋಗೋದು?

ಪ್ಯಾಸೆಂಜರ್_ಪದಬಂಧ
ಒಂದು ಮೆಟ್ಟಿಲಿಗೆ ಒಂದೇ ಅಕ್ಷರ ಬದಲಾಯಿಸ್ಬೇಕು, ಪ್ರತಿ ಮೆಟ್ಟಿಲಲ್ಲೂ ನಿಜವಾದ ಪದ ಇರ್ಬೇಕು. ಸಿ-ಓ-ಎಲ್-ಡಿ, ಆಮೇಲೆ ಸಿ-ಓ-ಆರ್-ಡಿ, ಆಮೇಲೆ ಸಿ-ಎ-ಆರ್-ಡಿ, ಆಮೇಲೆ ಡಬ್ಲ್ಯು-ಎ-ಆರ್-ಡಿ, ಕೊನೆಗೆ ಡಬ್ಲ್ಯು-ಎ-ಆರ್-ಎಂ. ಇಂಗ್ಲೆಂಡಿನ ಲೂಯಿಸ್ ಕ್ಯಾರಲ್ 1877ರಲ್ಲಿ ಮಾಡಿದ ಆಟ ಇದು, ಅವರು ಇಟ್ಟ ಹೆಸರು ಡಬ್ಲೆಟ್ಸ್.

ಶಿರಾಗೇಟ್_ಚಿಕ್ಕಪ್ಪ
ಇದನ್ನ ಪುಟ್ಟಿಗೆ ಹೇಳ್ದೆ. ಅವಳು ಕನ್ನಡದಲ್ಲಿ ಬರ್ಕೊಂಡ್ಲು: ಕೋಲ್ಡ್, ಕಾರ್ಡ್, ಕಾರ್ಡ್, ವಾರ್ಡ್, ವಾರ್ಮ್. ಎರಡನೇದು ಮೂರನೇದು ಒಂದೇ ಪದ ಎರಡು ಸಲ ಬಂತಲ್ಲ, ಮೋಸ ಅಲ್ವಾ ಅಂತಿದಾಳೆ. ನನಗೂ ಹಂಗೇ ಅನ್ಸುತ್ತೆ.

ಚಿಂತಾಮಣಿ_ಟೀಚರ್
ಸಾರ್!! ಆ ಮಗು ಇಡೀ ಗಂಟು ಎಲ್ಲಿದೆ ಅಂತ ತೋರಿಸಿಬಿಟ್ಲು. ನಮ್ಮ ಮಕ್ಕಳು ಕಿವಿಯಿಂದ ಬರೀತಾರೆ, ಕನ್ನಡದಲ್ಲಿ ಅದೇ ಸರಿ, ಕೇಳಿದ ಹಾಗೆ ಬರಹ. ಇಂಗ್ಲಿಷ್ ಆಟ ಪೂರ್ತಿ ಕಣ್ಣಿನ ಆಟ. ಮೊದಲನೇ ಕಾರ್ಡು ದಾರ, ಹಗ್ಗ, ಓ ಇದೆ. ಎರಡನೇ ಕಾರ್ಡು ರೇಷನ್ ಕಾರ್ಡು, ಎ ಇದೆ. ಅದಕ್ಕೇ ನಾನು ಕ್ಲಾಸಲ್ಲಿ ಪದ ಹೇಳಲ್ಲ, ಅಕ್ಷರ ಒಂದೊಂದಾಗಿ ಹೇಳಿಸ್ತೀನಿ.

ಮುಳಬಾಗಿಲು_ದೋಸೆ
ಇದಕ್ಕೆ ಸೇರಿಸ್ತೀನಿ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ ಅಂದ್ರೆ ಒತ್ತು, ಗುಣಿತ ಎಲ್ಲಾ ಸೇರಿ ಒಂದು. ‘ಸ್ತ್ರೀ’ ಗೆ ಒಂದೇ ಮನೆ ಸಾಕು. ಪಾಲಿಂಡ್ರೋಮ್ ಅಂತಾರಲ್ಲ, ಹಿಂದೆ ಮುಂದೆ ಎರಡೂ ಕಡೆಯಿಂದ ಒಂದೇ ಥರ ಓದೋದು, ಅದರಲ್ಲೂ ಇದೇ ವ್ಯತ್ಯಾಸ. ಗದಗ, ಕನಕ, ನವಜೀವನ, ಕುಬೇರನಿಗೇನಿರಬೇಕು, ಎಲ್ಲಾ ಅಕ್ಷರದ ಲೆಕ್ಕ.

ಶಿಡ್ಲಘಟ್ಟ_ರೇಷ್ಮೆ
ಮಲಯಾಳಂ ಕೂಡ ಪಾಲಿಂಡ್ರೋಮ್.

ಮುಳಬಾಗಿಲು_ದೋಸೆ
ಇಂಗ್ಲಿಷಲ್ಲಿ ಬರೆದ್ರೆ ಮಾತ್ರ. ಕನ್ನಡದಲ್ಲಿ ಮ-ಲ-ಯಾ-ಳಂ, ತಿರುಗಿಸಿ ಓದಿ ನೋಡಿ, ಆಗಲ್ಲ.

ಶಿಡ್ಲಘಟ್ಟ_ರೇಷ್ಮೆ
ಹೌದಲ್ಲಾ! ಇಷ್ಟು ವರ್ಷ ಗಮನಿಸೇ ಇರಲಿಲ್ಲ.

ಮುಳಬಾಗಿಲು_ದೋಸೆ
ವಿಷಯ ಬಿಟ್ಟು ಹೋಗ್ತಿದೀನಿ ಅನ್ಸಿದ್ರೂ ಹೇಳ್ತೀನಿ, ಈ ಥರ ಆಟ ನಮಗೇನು ಹೊಸದಲ್ಲ. ಶತಾವಧಾನಿ ಗಣೇಶ್ ಅವರು ನಮ್ಮ ಕೋಲಾರದಲ್ಲೇ 1962ರಲ್ಲಿ ಹುಟ್ಟಿದೋರು. ಅಷ್ಟಾವಧಾನ ಅಂದ್ರೆ ಸಭೆಯಲ್ಲೇ ಪದ್ಯ ಕಟ್ಟೋ ಕಲೆ, ಎಂಟು ಜನ ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಸುತ್ತ ಕೂತು ಅವಧಾನಿನ ಕಾಡ್ತಾರೆ. ಒಬ್ಬರು ನಿಷೇಧಾಕ್ಷರಿ, ಅವಧಾನಿ ಒಂದು ಅಕ್ಷರ ಹೇಳ್ತಿದ್ದಂಗೆ ಮುಂದಿನದು ಇದು ಬರಬಾರದು ಅಂತ ತಡೀತಾರೆ, ಅದನ್ನ ತಪ್ಪಿಸಿ ಪದ್ಯ ಕಟ್ಟಬೇಕು. ಇಂಗ್ಲಿಷಲ್ಲಿ ಲಿಪೊಗ್ರಾಮ್ ಅಂತಾರಲ್ಲ, ಒಂದು ಅಕ್ಷರ ಬಿಟ್ಟು ಬರೆಯೋದು, ಅದಕ್ಕಿಂತ ಎಷ್ಟೋ ಕಷ್ಟ ಇದು, ಯಾಕಂದ್ರೆ ನಿಷೇಧ ಹೆಜ್ಜೆಹೆಜ್ಜೆಗೂ ಬದಲಾಗುತ್ತೆ. ಇನ್ನೊಬ್ಬರು ದತ್ತಪದಿ, ನಾಲ್ಕು ಸಂಬಂಧ ಇಲ್ಲದ ಪದ ಕೊಡ್ತಾರೆ, ಎಷ್ಟೋ ಸಲ ಇಂಗ್ಲಿಷ್ ಪದಾನೂ ಇರುತ್ತೆ, ಅವನ್ನ ಪದ್ಯದೊಳಗೆ ಗೊತ್ತಾಗದ ಹಾಗೆ ಹುದುಗಿಸ್ಬೇಕು. ಪುಟ್ಟಿನ ಒಂದ್ಸಲ ಅವಧಾನಕ್ಕೆ ಕರ್ಕೊಂಡು ಹೋಗಿ ಅಣ್ಣ, ಅಕ್ಷರದ ಮೇಲೆ ಪ್ರೀತಿ ಬಂದುಬಿಡುತ್ತೆ.

ಗುಬ್ಬಿ_ಗೇಟ್
ಅಣ್ಣ, ವರ್ಡಲ್ ಅಂತ ಮೊಬೈಲಲ್ಲಿ ಇಂಗ್ಲಿಷ್ ಪದ ಊಹಿಸೋ ಆಟ ಇದೆ, ಅದನ್ನ ಆಡಿಸಿ, ಫ್ರೀ. ದಿನಕ್ಕೆ ಒಂದೇ ಪದ, ಐದಕ್ಷರ, ಆರು ಸಲ ಊಹೆ ಮಾಡಬಹುದು. ಹಸಿರು ಬಂದ್ರೆ ಅಕ್ಷರ ಜಾಗ ಎರಡೂ ಸರಿ, ಹಳದಿ ಬಂದ್ರೆ ಅಕ್ಷರ ಇದೆ ಜಾಗ ಬೇರೆ, ಬೂದು ಬಂದ್ರೆ ಇಲ್ಲ.

ಪ್ಯಾಸೆಂಜರ್_ಪದಬಂಧ
ಅದರಲ್ಲಿ ಅಮೆರಿಕದ ಸ್ಪೆಲಿಂಗ್ ಬರುತ್ತೆ ಹುಷಾರು. 2022ರಲ್ಲಿ ಒಂದು ದಿನ ಫೇವರ್ ಅನ್ನೋದು ಯು ಇಲ್ಲದೇ ಉತ್ತರವಾಗಿತ್ತು. ಪರೀಕ್ಷೇಲಿ ಹಂಗೆ ಬರೆದ್ರೆ ನಮ್ಮ ಮೇಷ್ಟ್ರುಗಳು ಮಾರ್ಕ್ಸ್ ಕಟ್ ಮಾಡ್ತಾರೆ.
ನಾನು ಪುಟ್ಟಿಗೆ ಹೇಳೋದಾದ್ರೆ ಇವತ್ತಲ್ಲ ನಾಳೆ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಕಲೀಲಿ. ಮಾಮೂಲಿ ಕ್ರಾಸ್‌ವರ್ಡಲ್ಲಿ ಸುಳಿವು ಅಂದ್ರೆ ಅರ್ಥ ಅಷ್ಟೇ. 1913 ಡಿಸೆಂಬರ್ 21ಕ್ಕೆ ನ್ಯೂಯಾರ್ಕಿನ ಪೇಪರಲ್ಲಿ ಆರ್ಥರ್ ವಿನ್ ಹಾಕಿದ ಮೊದಲನೇದೂ ಹಂಗೇ ಇತ್ತು. ಕ್ರಿಪ್ಟಿಕ್‌ನಲ್ಲಿ ಸುಳಿವಿನ ಒಂದು ತುದೀಲಿ ಅರ್ಥ ಇರುತ್ತೆ, ಉಳಿದಿದ್ದರಲ್ಲಿ ಅಕ್ಷರದ ಆಟ ಇರುತ್ತೆ, ಯಾವ ಆಟ ಅಂತ ಹೇಳೋಕೆ ಒಂದು ಸೂಚನೆಯ ಪದ, ಇಂಡಿಕೇಟರ್. ಕನ್‌ಫ್ಯೂಸ್ಡ್, ಬ್ರೋಕನ್ ಅಂತಿದ್ರೆ ಅನಗ್ರಾಮ್. ಸಮ್, ಇನ್‌ಸೈಡ್ ಅಂತಿದ್ರೆ ಉತ್ತರ ಅಲ್ಲೇ ಪದದೊಳಗೆ ಬಚ್ಚಿಟ್ಟುಕೊಂಡಿದೆ ಅಂತ. ಕೊನೇಲಿ ಬ್ರಾಕೆಟ್ಟಲ್ಲಿರೋದು ಎಷ್ಟಕ್ಷರ ಅಂತ. ನಿಮ್ಮೆಲ್ಲರ ಚರ್ಚೆ ಓದಿ ಇವತ್ತು ಟ್ರೈನಲ್ಲಿ ನಾನೇ ಒಂದು ಮಾಡ್ದೆ, ಪುಟ್ಟಿಗೆ ಕೊಡಿ:
ಸಮ್ ಫ್ರ್ಯಾಜೈಲ್ ಗ್ರೇನ್ (4)

ಗೌರಿಬಿದನೂರು_02
ಮೆತ್ತಗಿರೋ ಧಾನ್ಯ… ರೈಸ್?

ಪ್ಯಾಸೆಂಜರ್_ಪದಬಂಧ
ಅಲ್ಲ. ಅರ್ಥದ ಹಿಂದೆ ಓಡಬೇಡಿ, ಅಕ್ಷರ ನೋಡಿ.

ಶಿಡ್ಲಘಟ್ಟ_ರೇಷ್ಮೆ
ನನಗೆ ಸಿಕ್ತು ಆದ್ರೆ ಹೇಳಲ್ಲ, ಪುಟ್ಟಿ ಹೇಳ್ಲಿ.

ಶಿರಾಗೇಟ್_ಚಿಕ್ಕಪ್ಪ
ಎರಡು ದಿನ ಆಯ್ತು ಬರೋಕಾಗಿರಲಿಲ್ಲ. ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದೀವಿ, ನಮ್ಮತ್ತಿಗೆ ತಮ್ಮನ ಮದುವೆದು, ಹಿಂದುಗಡೆ ಚಿನ್ನದ ಬಣ್ಣದ ಗಣಪತಿ ತುಂಡುತುಂಡಾಗಿ ಕಾಣ್ತಾನೆ ಅಂತ ಅತ್ತಿಗೆ ಸ್ವಲ್ಪ ಬೇಜಾರು ಮಾಡ್ಕೊಂಡ್ರು, ಆಮೇಲೆ ಅವರೇ ಕೂತು ಆಡಿದ್ರು.
ಆ ಸುಳಿವನ್ನ ಪುಟ್ಟಿಗೆ ಕೊಟ್ಟೆ. ಮೊದಲು ಬಾಯಲ್ಲಿ ಫ್ರ್ಯಾಜೈಲ್ ಫ್ರ್ಯಾಜೈಲ್ ಅಂತ ಹತ್ತು ಸಲ ಹೇಳ್ಕೊಂಡ್ಲು, ಏನೂ ಸಿಗ್ಲಿಲ್ಲ. ಆಮೇಲೆ ಚೀಟಿ ತಗೊಂಡು ನೆಲದ ಮೇಲೆ ಸಾಲಾಗಿ ಜೋಡಿಸಿದ್ಲು, ಎಫ್-ಆರ್-ಎ-ಜಿ-ಐ-ಎಲ್-ಇ. ಮುಂದಿನ ಎಫ್ ನ ಅಂಗೈಲಿ ಮುಚ್ಚಿದ್ಲು, ಹಿಂದಿನ ಎಲ್ಲು ಇ ಮುಚ್ಚಿದ್ಲು, ‘ಚಿಕ್ಕಪ್ಪಾ ರಾಗಿ’ ಅಂತ ಕಿರುಚಿದ್ದಕ್ಕೆ ಅಡುಗೆಮನೆಯಿಂದ ನಮ್ಮಮ್ಮ ರಾಗಿ ಹಿಟ್ಟು ಮುಗೀತು ಅಂತ ಅಲ್ಲಿಂದಾನೇ ಕೂಗಿದ್ರು.

ತಿಪಟೂರು_ತೆಂಗು
ಕಣ್ಣಲ್ಲಿ ನೀರು ಬಂತು ಕಣ್ರಿ.

ಚಿಂತಾಮಣಿ_ಟೀಚರ್
ಜಿ ಅಲ್ಲಿ ಜ ಥರ ಕೇಳುತ್ತೆ, ಇಲ್ಲಿ ಗ. ಕಿವಿಗೆ ಸಿಕ್ತಾ ಇರಲಿಲ್ಲ, ಕಣ್ಣಿಗೆ ಸಿಕ್ತು. ಟ್ರ್ಯಾಜಿಕ್ ಅನ್ನೋದರೊಳಗೂ ರಾಗಿ ಇದೆ, ಹುಡುಕೋಕೆ ಹೇಳಿ.

ಶಿರಾಗೇಟ್_ಚಿಕ್ಕಪ್ಪ
ಹೇಳ್ತೀನಿ ಮೇಡಂ. ಇನ್ನೊಂದು, ಇವತ್ತು ಸಂಜೆ ಅವಳೇ ಒಂದು ಸುಳಿವು ಮಾಡಿದಾಳೆ, ಟ್ರೈನ್ ಅಂಕಲ್‌ಗೆ ಕಳಿಸಿ ಅಂತ ಹಠ. ಗ್ರಾಮರ್ ಸರಿ ಇದೆಯೋ ಇಲ್ವೋ ಗೊತ್ತಿಲ್ಲ, ಅವಳು ಬರೆದ ಹಾಗೇ ಹಾಕ್ತಿದೀನಿ:
ಸಮ್ ಡೂ ಸೇ ಬ್ರೇಕ್‌ಫಾಸ್ಟ್ (4)

ಪ್ಯಾಸೆಂಜರ್_ಪದಬಂಧ
ಗ್ರಾಮರ್ ಏನೂ ತಪ್ಪಿಲ್ಲ. ಸಮ್ ಅಂತ ಸೂಚನೆ ಇದೆ, ಬ್ರೇಕ್‌ಫಾಸ್ಟ್ ಅಂತ ಅರ್ಥ ಇದೆ, ಎರಡು ಪದದ ಮೇಲೆ ಹಾದುಹೋಗಿದೆ ಉತ್ತರ, ಅದನ್ನ ನಾನು ಇನ್ನೂ ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ಬೋಗಿಯಲ್ಲಿ ನಾಲ್ಕೂ ಜನಕ್ಕೆ ತೋರಿಸ್ದೆ, ಚಿಕ್ಕಬಾಣಾವರ ದಾಟಿದ ಮೇಲೆ ಒಬ್ಬರಿಗೆ ಹೊಳೀತು. ಉತ್ತರ ಹೇಳಲಾ?

ಮುಳಬಾಗಿಲು_ದೋಸೆ
ನನ್ನ ಹೆಸರಲ್ಲೇ ಇದೆ. ನಮ್ಮೂರಿಗೆ ಕರ್ಕೊಂಡು ಬನ್ನಿ ಅಣ್ಣ, ತುಪ್ಪ ಜಾಸ್ತಿ ಹಾಕಿಸಿ ಕೊಡಿಸ್ತೀನಿ ಪುಟ್ಟಿಗೆ.